ತೀರಿಕೊಂಡವರ ಹಾಜರಿ

ಏಳು ಕೋಟೆಗಳಿದ್ದ ಒಬ್ಬ ರಾಜನ ಕಾಲದ ಮಾತು. ಒಂದು ಕೋಟೆಯ ಜನಕ್ಕೆ ಇನ್ನೊಂದು ಕೋಟೆಯ ದಾರಿ ತಿಳಿಯದು. ಹಾವಿನ ಮದ್ದು ಮೂರನೇ ಕೋಟೆಯಲ್ಲಿ, ಕಚ್ಚಿಸಿಕೊಂಡವನು ಆರನೇ ಕೋಟೆಯಲ್ಲಿ. ರಾಜ ಯೋಚಿಸಿ ಯೋಚಿಸಿ ಏಳಕ್ಕೂ ನಡುವೆ ಒಂದು ಹೆಬ್ಬಾಗಿಲು ಕಟ್ಟಿಸಿ, ಅದರ ಮೇಲೊಂದು ಗಿಳಿ ಕೂರಿಸಿದ. ಯಾರು ಏನೇ ಕೇಳಲಿ, ಗಿಳಿ ಹಾರಿಹೋಗಿ ಆಯಾ ಕೋಟೆಯ ಕಾವಲುಗಾರನನ್ನು ಕೇಳಿ ಉತ್ತರ ತರುತ್ತಿತ್ತು. ಕಾವಲುಗಾರ ಇದ್ದಾನೋ ಇಲ್ಲವೋ ತಿಳಿಯಲು ಗಿಳಿಗೆ ಒಂದೇ ಗುರುತು: ಆರು ತಿಂಗಳಿಗೊಮ್ಮೆ ಅವನ ಕಿಟಕಿಯಲ್ಲಿ ದೀಪ ಹೊತ್ತಬೇಕು.

"ಒಂದು ಕೋಟೆಯ ಕಾವಲುಗಾರ್ತಿ ತೀರಿಕೊಂಡಳು ಚೇಚಿ. ಜನಕ್ಕೆ ಅವಳೆಂದ್ರೆ ಪ್ರಾಣ. ದೀಪ ಆರಿದ್ರೆ ಕೋಟೆ ಕೆಡವಿಬಿಡ್ತಾರೆ ಅಂತ ಅವರೇ ಹೋಗಿ ಹಚ್ಚಿದ್ರು. ಗಿಳಿ ನಂಬಿತು. ಸತ್ತವಳ ಹತ್ರ ಹೋಗಿ ಬದುಕಿರೋರಿಗೆ ಮದ್ದು ಕೇಳ್ಕೊಂಡು ಬಂತು," ಅಂದೆ ನಾನು.

ನರ್ಸುಗಳಿಗೆ ಕಲಿಸುವ ಬ್ರಿಜೀತ ಚೇಚಿ, ನಮ್ಮೆಲ್ಲರ ಅಕ್ಕ, ಪ್ಲಾಸ್ಟಿಕ್ ಕೈಯೊಂದಕ್ಕೆ ರಕ್ತನಾಳದ ಕೊಳವೆ ತೂರಿಸುತ್ತಿದ್ದರು. ಹೊಸ ನರ್ಸುಗಳು ಸೂಜಿ ಚುಚ್ಚಲು ಕಲಿಯುವುದು ಆ ಕೈಯ ಮೇಲೆ. ಕೊಳವೆ ಅರ್ಧಕ್ಕೇ ನಿಂತಿತು.

"ದೀಪ ಹಚ್ಚಿದ್ದು ಯಾರು ಅಂತ ಕೇಳೋಕೆ ಇಷ್ಟುದ್ದ ಕಥೆ ಬೇಕಿತ್ತಾ ಮೋಳೇ?" ಅಂದರು, ಮಗಳನ್ನು ಕರೆಯುವ ಸಲಿಗೆಯಲ್ಲಿ. "ನಿನ್ನ ಅಮ್ಮಮ್ಮನ ಕಥೆನಾ ಇದು?"

"ಅರ್ಧ ಅಮ್ಮಮ್ಮಂದು. ಇನ್ನರ್ಧ ನಿಮ್ಮದು."

ತ್ರಿಶ್ಶೂರಿನ ನಮ್ಮ ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ನರ್ಸಿಂಗ್ ತರಬೇತಿಯ ಆ ಕೋಣೆಯಲ್ಲಿ, ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ನನಗಿದ್ದದ್ದು ನಾಲ್ಕೂವರೆ ಗಂಟೆ. ನಾಲ್ಕಕ್ಕೆ ವಿಚಾರಣಾ ಸಮಿತಿ ಕೊನೆಯ ಸಲ ಸೇರುತ್ತದೆ. ಔಷಧಿಯ ಲೆಕ್ಕ ತಪ್ಪಿಸಿ ದೇವಸ್ಸಿ ಚೇಟ ಎಂದು ಎಲ್ಲರೂ ಅಣ್ಣನಂತೆ ಕರೆಯುತ್ತಿದ್ದ ರೋಗಿಯ ಸಾವಿಗೆ ಕಾರಣಳಾದಳು, ಆಮೇಲೆ ಸುಳ್ಳೂ ಹೇಳಿದಳು ಎಂದು ಬರೆದು ನರ್ಸ್ ರೆಜುಲಳ ನೋಂದಣಿ ರದ್ದಾಗಲು ಕಳಿಸುತ್ತದೆ. ಇಪ್ಪತ್ತಮೂರು ವರ್ಷದ ಹುಡುಗಿ. ಇನ್ನೆಂದೂ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಕೆಲಸಕ್ಕೆಂದು ಹತ್ತುವಂತಿಲ್ಲ.

ಅವಳಿಗೆ ನಾನು ಮಾತು ಕೊಟ್ಟಿದ್ದೆ. "ನೀನು ಆವತ್ತು ನೋಡಿದ ಪುಟವನ್ನ ಎಲ್ಲರೂ ನೋಡೋ ಹಾಗೆ ಮಾಡ್ತೀನಿ. ಅದನ್ನ ಮುಚ್ಚಿದ್ದು ಯಾರು ಅಂತಾನೂ ಹೇಳ್ತೀನಿ."

ಅವಳು ಮೊದಲ ದಿನದಿಂದ ಹೇಳುತ್ತಿರುವುದು ಒಂದೇ. ಮಧ್ಯಾಹ್ನ ಮೂರಕ್ಕೆ ವಾರ್ಡಿನ ಕಂಪ್ಯೂಟರಿನಲ್ಲಿ ಹೃದಯದ ಆ ಔಷಧಿಯ ಹೆಸರು ಹಾಕಿ ಹುಡುಕಿದಳು. ಮೊದಲು ಬಂದ ಪುಟದಲ್ಲಿ ಗಂಟೆಗೆ ಇಪ್ಪತ್ತು ಮಿಲಿ ಎಂದಿತ್ತು. ಡ್ರಿಪ್ಪನ್ನು ಇಪ್ಪತ್ತಕ್ಕೆ ಇಟ್ಟಳು. ನಾಲ್ಕಕ್ಕೆ ದೇವಸ್ಸಿ ಚೇಟನ ಎದೆಬಡಿತ ಕೆಟ್ಟಿತು. ಅವಳನ್ನು ಹೊರಗೆ ಕಳಿಸಿ ಕೋಣೆಯೊಂದರಲ್ಲಿ ಕೂರಿಸಿದರು. ಐದೂವರೆಗೆ ಮರಣ ಎಂದು ಕೇಸ್ ಶೀಟು ಹೇಳುತ್ತದೆ.

ಮಾರನೇ ದಿನ ಸಮಿತಿಯವರು ಅದೇ ಕಂಪ್ಯೂಟರಿನಲ್ಲಿ ಅದೇ ಹೆಸರು ಹಾಕಿ ಹುಡುಕಿದಾಗ ಬಂದದ್ದು ಒಂದೇ ಪುಟ. ಅದರಲ್ಲಿ ಗಂಟೆಗೆ ಹತ್ತು ಎಂದಿತ್ತು. ಹೋದ ವರ್ಷದಿಂದ ಆ ಔಷಧಿ ಎರಡು ಪಟ್ಟು ಗಟ್ಟಿಯಾಗಿ ಬರುತ್ತಿದೆ, ಹಾಗಾಗಿ ಅಳತೆ ಅರ್ಧ. ಇಪ್ಪತ್ತು ಎಂಬ ಪುಟ ಎಲ್ಲೂ ಇಲ್ಲ. ಹುಡುಗಿ ಕಥೆ ಕಟ್ಟುತ್ತಿದ್ದಾಳೆ ಎಂದರು.

ಇಲ್ಲದ ಪುಟವನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದು ಸಹಜವೇ. ನಮ್ಮ ಸಂಸ್ಥೆಯ ಏಳು ಆಸ್ಪತ್ರೆಗಳ ಒಳಗಿನ ಜಾಲತಾಣಗಳನ್ನೆಲ್ಲ ಒಂದಕ್ಕೊಂದು ಹೆಣೆದವಳು ನಾನು. ಔಷಧಾಲಯಕ್ಕೊಂದು ತಾಣ, ನರ್ಸಿಂಗಿಗೊಂದು, ಪ್ರಯೋಗಾಲಯಕ್ಕೊಂದು. ಮೊದಲು ಒಂದರಲ್ಲಿರುವುದು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಎಲ್ಲದರ ನಡುವೆ ಒಂದು ತಾಯಿತಾಣ ಮಾಡಿ, ಉಳಿದವನ್ನು ಅದಕ್ಕೆ ಜೋಡಿಸಿದೆವು. ಜೋಡಿಸಿದರೆ ಹುಡುಕಿದಾಗ ಸಿಗುತ್ತದೆ, ಬಿಡಿಸಿದರೆ ಸಿಗುವುದಿಲ್ಲ. ಪುಟ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ತನ್ನ ಮೂಲೆಯಲ್ಲಿ, ಬಾಗಿಲು ಹಾಕಿಕೊಂಡು, ಹಾಗೇ ಕುಳಿತಿರುತ್ತದೆ.

ಹಾಗೆ ಕುಳಿತಿದ್ದುದನ್ನು ಹೋದ ವಾರ ಕಂಡುಹಿಡಿದಿದ್ದೆ. ಕ್ಲಾರಮ್ಮ ಟೀಚರ್ ಬರೆದಿಟ್ಟ ಹಳೆಯ ಪಾಠಗಳ ತಾಣ. ಅದರಲ್ಲಿ ಆ ಔಷಧಿಯ ಪುಟ. ಗಂಟೆಗೆ ಇಪ್ಪತ್ತು.

ಕ್ಲಾರಮ್ಮ ಟೀಚರ್ ಮೂವತ್ತು ವರ್ಷ ಇದೇ ಕೋಣೆಯಲ್ಲಿ ನರ್ಸುಗಳಿಗೆ ಕಲಿಸಿದವರು. ತೀರಿಕೊಂಡು ಎರಡು ವರ್ಷ ದಾಟಿದೆ.

ನಾನು ಮಡಿಸಿದ ಹಾಳೆ ತೆಗೆದು ಬ್ರಿಜೀತ ಚೇಚಿಯ ಮುಂದೆ ಹರವಿದೆ. ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ಬರೆದಿಡುವ ಲಾಗ್ ನೋಡಲು ಅಪ್ಪಣೆ ಕೇಳಿ ಎಂಬತ್ತು ದಿನ ಕಾದಿದ್ದೆ. ನನ್ನ ಮೇಲಧಿಕಾರಿ, ಗುಣಮಟ್ಟ ವಿಭಾಗದ ಡಾಕ್ಟರ್ ಇಟ್ಟೂಪ್ ಸಾರ್, "ಹಾಕ್ತೀನಿ ಮೋಳೇ, ಹಾಕ್ತೀನಿ" ಅನ್ನುತ್ತಲೇ ಇದ್ದರು. ನಿನ್ನೆ ಅವರು ರಜೆ ಹಾಕಿದ್ದರು, ಅವರ ಕೆಳಗಿನವರು ಸಹಿ ಹಾಕಿಬಿಟ್ಟರು.

"ಪ್ರತಿ ತಾಣಕ್ಕೂ ಒಬ್ಬರು ಒಡೆಯರು. ಆರು ತಿಂಗಳಿಗೊಮ್ಮೆ 'ಈ ತಾಣ ನಾನು ನೋಡಿಕೊಳ್ಳುತ್ತಿದ್ದೇನೆ' ಅಂತ ಗುಂಡಿ ಒತ್ತಬೇಕು. ಒತ್ತದಿದ್ರೆ ತಾಣ ಮುಚ್ಚಿಹೋಗುತ್ತೆ. ಇದು ನಾನೇ ಬರೆದ ನಿಯಮ," ಅಂದೆ. "ಕ್ಲಾರಮ್ಮ ಟೀಚರ್ ಹೆಸರಲ್ಲಿ ಅವರು ಹೋದ ಮೇಲೆ ನಾಲ್ಕು ಸಲ ಒತ್ತಿದಾರೆ. ನಾಲ್ಕು ಸಲವೂ ಈ ಕೋಣೆಯ ಕಂಪ್ಯೂಟರ್."

ಚೇಚಿ ಹಾಳೆ ನೋಡಲಿಲ್ಲ. ಪ್ಲಾಸ್ಟಿಕ್ ಕೈಯ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತ ಕೂತರು.

"ಟೀಚರ್ ಪುಟ ಓದಿದೀಯಾ ನೀನು?"

"ಓದಿದೀನಿ."

"ಆ ಔಷಧಿ ಪುಟದಲ್ಲಿ ಏನು ಬರೆದಿದಾರೆ ಹೇಳು."

"'ಈ ಬಾಟಲಿ ಅತ್ತೆ ಇದ್ದ ಹಾಗೆ ಮಕ್ಕಳೇ. ನಿಧಾನಕ್ಕೆ ಒಳಗೆ ಬಿಟ್ಟುಕೊಳ್ಳಿ, ಕಣ್ಣು ಮಾತ್ರ ತೆಗೀಬೇಡಿ.'"

ಚೇಚಿ ನಕ್ಕರು. ನಗು ಮುಗಿಯುವುದರೊಳಗೆ ಕಣ್ಣು ತುಂಬಿತು.

"ಫೋಟೋದಲ್ಲಿ ಬಾಟಲಿ ಹಿಡಿದಿರೋದು ಅವರದೇ ಕೈ. ಗಾಯದ ಗುರುತಿದೆ ನೋಡು ಹೆಬ್ಬೆರಳ ಹತ್ರ. ಮಾರ್ಚಲ್ಲಿ ಒಂದ್ಸಲ, ಸೆಪ್ಟೆಂಬರಲ್ಲಿ ಒಂದ್ಸಲ ಕಂಪ್ಯೂಟರ್ ಕೇಳುತ್ತೆ, ನೀವಿದ್ದೀರಾ ಅಂತ. ಇಲ್ಲ ಅಂತ ನಾನು ಹೇಗೆ ಹೇಳ್ಲಿ? ಹೇಳಿದ್ರೆ ಆ ಕೈನೂ ಹೋಗುತ್ತೆ, ಆ ಮಾತೂ ಹೋಗುತ್ತೆ. ಅವರ ಪಾಸ್‌ವರ್ಡ್ ನಮಗೆಲ್ಲಾ ಗೊತ್ತಿತ್ತು. ನಾವು ಐದು ಜನ ಈ ಮೇಜಿನ ಸುತ್ತ ನಿಂತು ಒತ್ತಿದ್ವಿ. ಒತ್ತಿ ಚಾಯ ಕುಡಿದ್ವಿ. ಟೀಚರಿಗೆ ಹಾಜರಿ ಹಾಕಿದ್ವಿ ಅಂತಾನೇ ಅಂದ್ಕೋತಿದ್ವಿ."

"ಹೆಸರು ಬದಲಾಯಿಸಬಹುದಿತ್ತು ಚೇಚಿ. ಒಡೆಯರ ಜಾಗದಲ್ಲಿ ನಿಮ್ಮ ಹೆಸರು ಹಾಕಬಹುದಿತ್ತು."

"ಗೊತ್ತಿಲ್ದೆ ಇದ್ವಾ? ಯಾರಿಗೆ ಮನಸ್ಸು ಬರುತ್ತೆ ಹೇಳು, ಅವರ ಹೆಸರು ಅಳಿಸಿ ತಮ್ಮ ಹೆಸರು ಬರೆಯೋಕೆ?"

ಒಡೆಯರು ತೀರಿಕೊಂಡರೆ ಏನು ಮಾಡಬೇಕೆಂದು ನನ್ನ ಯೋಜನೆಯಲ್ಲಿ ಎರಡು ಸಾಲು ಬರೆದಿದ್ದೆ. ಅಳುವವರ ಬಗ್ಗೆ ಏನೂ ಬರೆದಿರಲಿಲ್ಲ.

ಕೊನೆಯ ಎರಡು ಸಾಲುಗಳ ಮೇಲೆ ಬೆರಳಿಟ್ಟೆ.

"ಹದಿನಾಲ್ಕನೇ ತಾರೀಕು ಟೀಚರ್ ಹೆಸರಿನಲ್ಲಿ ಒಂದು ಅರ್ಜಿ ಬಂದಿದೆ, ಈ ತಾಣವನ್ನ ತಾಯಿತಾಣಕ್ಕೆ ಜೋಡಿಸಿ ಅಂತ. ಅಲ್ಲೀವರೆಗೆ ಈ ಕೋಣೆಯ ಐದು ಜನ ಬಿಟ್ಟು ಯಾರಿಗೂ ಕಾಣ್ತಿರಲಿಲ್ಲ ಇದು. ನಾಲ್ಕೇ ದಿನಕ್ಕೆ ರೆಜುಲಳ ಕಣ್ಣಿಗೆ ಬಿತ್ತು. ಅದೇ ದಿನ ಸಂಜೆ ಆರೂ ಹತ್ತಕ್ಕೆ ಅದೇ ಹೆಸರಿನಿಂದ ಬಿಡಿಸಿದಾರೆ. ಜೋಡಿಸಿ ಅಂದಿದ್ದೂ ನೀವು, ಬಿಡಿಸಿದ್ದೂ ನೀವು."

"ಹದಿನಾಲ್ಕು ಟೀಚರ್ ತೀರಿಕೊಂಡ ಎರಡನೇ ವರ್ಷದ ದಿನ, ಆಂಡು," ಅಂದರು ಚೇಚಿ. "ಪಳ್ಳಿಯಲ್ಲಿ ಪಾದ್ರಿಯ ಜೊತೆ ಪ್ರಾರ್ಥನೆ ಮುಗಿಸಿ ಬಂದು, ಹೂವು ಇಟ್ಟು, ಅಪ್ಪಂ ಸ್ಟ್ಯೂ ತಿಂದು, ಅಷ್ಟಕ್ಕೇ ಮುಗಿಸೋಕೆ ಮನಸ್ಸು ಒಪ್ಪಲಿಲ್ಲ. ಏಳೂ ಆಸ್ಪತ್ರೆಯ ಮಕ್ಕಳೂ ಅವರ ಪಾಠ ಓದ್ಲಿ ಅನ್ನಿಸ್ತು. ಅರ್ಜಿ ಹಾಕಿದ್ದು ನಾನೇ. ಔಷಧಿ ಬದಲಾಗಿರೋದು ತಲೇಲಿ ಬರ್ಲಿಲ್ಲ ಮೋಳೇ. ಆವತ್ತು ಟೀಚರ್ ಒಬ್ಬರೇ ಇದ್ದರು ತಲೇಲಿ."

ಅವರು ಪ್ಲಾಸ್ಟಿಕ್ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟರು. ನಿದ್ದೆ ಹೋದ ಮಗುವಿನದೋ ಎಂಬಂತೆ ಇಟ್ಟರು.

"ಅರ್ಜಿ ಹಾಕಿದವರು ಯಾರು ಅಂತ ಪತ್ತೆ ಮಾಡಿದೆ. ಒಪ್ಪಿದ್ದು ಯಾರು ಅಂತ ನೋಡಿದ್ಯಾ?"

ನೋಡಿರಲಿಲ್ಲ. ಟೀಚರ್ ಹೆಸರಿನ ಸಾಲುಗಳನ್ನಷ್ಟೇ ಹೆಕ್ಕಿ ಮುದ್ರಿಸಿಕೊಂಡು ಓಡಿ ಬಂದಿದ್ದೆ.

"ನೋಡು, ಹೋಗು. ನಾನು ನಿನ್ನ ಬಯ್ಯೋಕೆ ಹೇಳ್ತಿಲ್ಲ."

ಅವರದೇ ಕಂಪ್ಯೂಟರಿನಲ್ಲಿ ಲಾಗ್ ತೆರೆದೆ. ಹದಿನಾಲ್ಕನೇ ತಾರೀಕು, ಮಧ್ಯಾಹ್ನ ಮೂರೂ ಇಪ್ಪತ್ತು. ಅರ್ಜಿ: ಕ್ಲಾರಮ್ಮ. ಒಪ್ಪಿಗೆ: ನಿರುಪಮಾ.

ನಿರುಪಮಾ ಎಂದರೆ ನಾನು.

ಒಮ್ಮೆಲೇ ಆ ಮಧ್ಯಾಹ್ನ ನೆನಪಾಯಿತು. ಒಟ್ಟಿಗೆ ಮೂವತ್ತೋ ನಲವತ್ತೋ ಅರ್ಜಿಗಳಿದ್ದವು. ಟೀಚರ್ ಹೆಸರು ಕಂಡಾಗ ನನ್ನ ಕೈ ಒಂದು ಕ್ಷಣ ನಿಂತಿತ್ತು. ತೀರಿಕೊಂಡಿದ್ದಾರೆಂದು ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ವಾರ್ಡ್ ನೋಡಿ ತಲೆಸುತ್ತಿ ಬಿದ್ದಾಗ ನಿಂಬೆಹಣ್ಣು ಹಿಂಡಿ ಕುಡಿಸಿದವರು ಅವರು. ಅಯ್ಯೋ, ಬರಲಿ, ಟೀಚರೂ ಒಳಗೆ ಬರಲಿ ಎಂದುಕೊಂಡು ಒತ್ತಿದ್ದೆ. 'ಜೋಡಿಸುವ ಮುನ್ನ ಒಡೆಯರೊಂದಿಗೆ ಮಾತನಾಡಬೇಕು, ಪುಟಗಳನ್ನು ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು ನೋಡಬೇಕು' ಎಂದು ಯೋಜನೆಯ ಹನ್ನೊಂದನೇ ಪುಟದಲ್ಲಿ ಬರೆದವಳೂ ನಾನೇ.

ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ ಒಬ್ಬ ಮನುಷ್ಯ, ದೇವಸ್ಸಿ ಚೇಟ, ಹೆಂಡತಿಯ ಕೈ ಹಿಡಿದು ನಡೆದುಕೊಂಡೇ ಆಸ್ಪತ್ರೆಗೆ ಬಂದವನು, ನನ್ನ ಆ ಬೆರಳಿನ ದಾರಿಯಲ್ಲಿದ್ದ.

"ನನಗಿದು ಮೊದಲೇ ಗೊತ್ತಿತ್ತು," ಅಂದರು ಚೇಚಿ. "ಒಪ್ಪಿಗೆ ಬಂದಾಗ ನಿನ್ನ ಹೆಸರು ಬರುತ್ತಲ್ಲ. ಮೂರು ತಿಂಗಳಿಂದ ನೀನು ಆ ಪುಟ ಹುಡುಕ್ತಾ ಓಡಾಡೋದು ನೋಡಿ, ದೇವರೇ, ಈ ಹುಡುಗಿಗೆ ಸಿಗದೇ ಇರ್ಲಿ ಅಂದ್ಕೊಂಡಿದೀನಿ. ರೆಜುಲ ಮುಖ ನೆನಪಾದ್ರೆ ಸಿಗ್ಲಿ ಅಂದ್ಕೊಂಡಿದೀನಿ. ಎರಡೂ ಪ್ರಾರ್ಥನೆ ನಂದೇ."

ಆದರೂ ಕೇಳಬೇಕಾದದ್ದು ಇನ್ನೊಂದಿತ್ತು.

"ಬಿಡಿಸಿದ್ದು ಯಾಕೆ? ಆವತ್ತು ಸಂಜೆ ವಾರ್ಡಿನಲ್ಲಿ ಏನಾಯ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಚೇಚಿ ಎದ್ದು ಬಾಗಿಲು ಮುಚ್ಚಿದರು.

"ಫೋನ್ ಬಂತು. 'ಬ್ರಿಜೀತ, ವಾರ್ಡಿನ ಕಂಪ್ಯೂಟರಲ್ಲಿ ಕಾಣ್ತಿರೋ ಆ ಕ್ಲಾರಮ್ಮನ ಸೈಟು ಈಗಲೇ ತೆಗಿ. ಮುಂದಿನ ವಾರ ತಪಾಸಣೆಯವರು ಬರ್ತಾರೆ. ಯಾಕೆ ಏನು ಕೇಳ್ಬೇಡ' ಅಂದ್ರು. ನಾನು ಮನೆಗೆ ಹೊರಟಿದ್ದೆ, ವಾಪಸ್ ಬಂದು ತೆಗೆದೆ. ದೇವಸ್ಸಿ ಚೇಟ ಹೋಗಿದ್ದು ನನಗೆ ಗೊತ್ತಾಗಿದ್ದು ಮಾರನೇ ದಿನ."

"ಯಾರು ಫೋನ್ ಮಾಡಿದ್ದು?"

"ಇಟ್ಟೂಪ್ ಸಾರ್."

ಸಮಿತಿಯ ಅಧ್ಯಕ್ಷರೂ ಅವರೇ.

ಆಮೇಲೆ ನಾನು ಒಂದು ಬಿಳಿ ಹಾಳೆ ಚೇಚಿಯ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡರು.

"ನಾನು ಇನ್ನು ಈ ಕೋಣೆಗೆ ಬರೋ ಹಾಗಿಲ್ಲ ಅಂತಾಯ್ತು," ಅಂದರು. ಬರೆಯಲು ಶುರು ಮಾಡಿದರು. ಬರೆದು ಮುಗಿಸಿ, ಮಡಿಸಿ, ನನ್ನ ಕೈಗಿಟ್ಟರು. "ಈಗ ಓದಬೇಡ. ಓದಿದ್ರೆ ನಾನು ಹರಿದುಹಾಕಿಬಿಡ್ತೀನಿ."

ಮೂರೂವರೆಗೆ ಮುದ್ರಿಸಿದ ಹಾಳೆಗಳನ್ನು ಎದೆಗವಚಿಕೊಂಡು ಹೊರಟಾಗ ಇಟ್ಟೂಪ್ ಸಾರ್ ಲಿಫ್ಟಿನ ಬಳಿ ನಿಂತಿದ್ದರು. ಬೆಳ್ಳಗಿನ ಕೂದಲು, ಸದಾ ಇಸ್ತ್ರಿ ಮಾಡಿದ ಅಂಗಿ. ನನಗೆ ಈ ಕೆಲಸ ಕೊಟ್ಟವರು, ನನ್ನ ಯೋಜನೆಯನ್ನು ಓದಿ ಬೆನ್ನು ತಟ್ಟಿದವರು.

"ಲಾಗ್ ಸಿಕ್ತಂತೆ," ಅಂದರು ಮೆಲ್ಲಗೆ.

"ಸಿಕ್ತು ಸಾರ್."

"ಪೂರ್ತಿ ನೋಡಿದ್ಯಾ?"

"ನೋಡಿದೆ."

"ಹಾಗಿದ್ರೆ ನಿನ್ನ ಹೆಸರೂ ನೋಡಿರ್ತೀಯ." ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು, ಅದೇ ನನ್ನನ್ನು ಹೆದರಿಸಿತು. "ಲಾಗ್ ತೊಂಬತ್ತು ದಿನ ಇರುತ್ತೆ. ಹದಿನಾಲ್ಕನೇ ತಾರೀಕಿನ ಸಾಲು ಇವತ್ತಿಗೆ ಕೊನೆ. ನಾಳೆ ಬೆಳಿಗ್ಗೆ ತಾನಾಗೇ ಅಳಿಸಿಹೋಗಿರುತ್ತೆ, ಯಾರೂ ಮುಟ್ಟೋದು ಬೇಡ. ನೀನು ಇವತ್ತು ಜ್ವರ ಅಂತ ಮನೆಗೆ ಹೋಗು. ನಾಳೆ ಕೊಡು ವರದಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಮೋಳೇ."

"ರೆಜುಲ?"

"ಅವಳಿಗೆ ಇನ್ನೂ ವಯಸ್ಸಿದೆ. ಬೇರೆ ಏನಾದ್ರೂ ಕಲೀತಾಳೆ."

ನಿಜ ಹೇಳುತ್ತೇನೆ, ಕಾಲು ಒಂದು ಗಳಿಗೆ ಮನೆಯ ಕಡೆಗೇ ತಿರುಗಿತ್ತು. ಲಿಫ್ಟಿನ ಬಾಗಿಲು ತೆರೆಯಿತು, ಮುಚ್ಚಿತು. ಅವರು ಒಳಗೆ ಹೋದರು, ನಾನು ಹೋಗಲಿಲ್ಲ. ಮೆಟ್ಟಿಲು ಇಳಿಯುತ್ತ ಇಳಿಯುತ್ತ ಅತ್ತೆ. ಕೆಳಗಿನ ಮಹಡಿ ಬರುವಷ್ಟರಲ್ಲಿ ಮುಖ ಒರೆಸಿಕೊಂಡಿದ್ದೆ.

ಸಮಿತಿಯ ಕೋಣೆಯಲ್ಲಿ ಉದ್ದದ ಮೇಜು. ಒಂದು ತುದಿಯಲ್ಲಿ ಇಟ್ಟೂಪ್ ಸಾರ್, ಅಕ್ಕಪಕ್ಕ ಮೂವರು ಸದಸ್ಯರು. ಗೋಡೆಯ ಪಕ್ಕ ರೆಜುಲ ನಿಂತಿದ್ದಳು. ಮೂರು ತಿಂಗಳಲ್ಲಿ ಅರ್ಧ ಆಗಿದ್ದಳು. ಅವಳಿಂದ ನಾಲ್ಕು ಮಾರು ದೂರದಲ್ಲಿ, ಬಿಳಿ ರವಿಕೆ-ಪಂಚೆಯ ಚಟ್ಟೆ-ಮುಂಡು ಉಟ್ಟು, ಜಪಮಾಲೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ದೇವಸ್ಸಿ ಚೇಟನ ಹೆಂಡತಿ ಕೊಚ್ಚುತ್ರೇಸ್ಯ ಕುಳಿತಿದ್ದರು. ತೀರ್ಪು ಕೇಳಲೆಂದು ಇದೇ ಮೊದಲ ಸಲ ಅವರನ್ನು ಕರೆಸಿದ್ದರು.

ನಾನು ಕುಳಿತುಕೊಳ್ಳಲಿಲ್ಲ. ಗೋಡೆಯ ಪರದೆಯ ಮೇಲೆ ಕ್ಲಾರಮ್ಮ ಟೀಚರ್ ಪುಟ ಹಾಕಿದೆ. ಬಾಟಲಿ ಹಿಡಿದ ಕೈ, ಕೆಳಗೆ ಗಂಟೆಗೆ ಇಪ್ಪತ್ತು.

ರೆಜುಲ ಬಾಯಿಗೆ ಕೈ ಅಡ್ಡ ಹಿಡಿದಳು. "ಇದೇ. ಇದೇ ಪುಟ."

"ರೆಜುಲ ಸುಳ್ಳು ಹೇಳಿಲ್ಲ," ಅಂದೆ. "ಆ ಮಧ್ಯಾಹ್ನ ಹುಡುಕಿದ್ರೆ ಈ ಪುಟವೇ ಮೊದಲು ಬರ್ತಿತ್ತು. ಹಳೆಯ ಪುಟ, ಯಾರೂ ತಿದ್ದಿರಲಿಲ್ಲ, ಒಡೆಯರು ತೀರಿಕೊಂಡಿದ್ದರು. ಅದನ್ನ ನೋಡದೆ, ಕೇಳದೆ, ಏಳು ಆಸ್ಪತ್ರೆಯ ಮುಂದೆ ತಂದಿಟ್ಟವರ ಹೆಸರು ಈ ಹಾಳೇಲಿದೆ." ಕೊಚ್ಚುತ್ರೇಸ್ಯ ಚೇಟತ್ತಿಯ ಕಡೆ ತಿರುಗಿದೆ. ಬೇರೆ ಯಾರನ್ನು ನೋಡಿ ಹೇಳಿದರೂ ಅದು ಹೇಳಿದಂತಾಗುತ್ತಿರಲಿಲ್ಲ. "ನಿರುಪಮಾ. ನಾನು."

ಆಕೆ ನನ್ನನ್ನು ನೋಡಿದರು. ಜಪಮಾಲೆಯ ಒಂದು ಮಣಿ ಮುಂದೆ ಹೋಯಿತು, ಅಷ್ಟೇ.

ಇಟ್ಟೂಪ್ ಸಾರ್ ನಿಟ್ಟುಸಿರು ಬಿಟ್ಟರು. "ಪ್ರಾಮಾಣಿಕವಾಗಿ ಹೇಳಿದೆ. ಸಾಕು ಮೋಳೇ, ಕೂತ್ಕೋ. ಉಳಿದಿದ್ದನ್ನ ನಾವು..."

"ಇನ್ನೊಂದು ಹಾಳೆ ಇದೆ ಸಾರ್. ಅದನ್ನ ಮುಚ್ಚಿಸಿದವರದ್ದು. ಬ್ರಿಜೀತ ಚೇಚಿ ಬರೆದುಕೊಟ್ಟಿರೋದು."

"ಕೊಡು ಇಲ್ಲಿ."

ಅವರು ಚಾಚಿದ ಕೈಯನ್ನು ದಾಟಿ ನಡೆದುಹೋಗಿ, ಮಡಿಸಿದ್ದ ಆ ಹಾಳೆಯನ್ನು ಕೊಚ್ಚುತ್ರೇಸ್ಯ ಚೇಟತ್ತಿಯ ಮಡಿಲಲ್ಲಿಟ್ಟೆ.

ಆಕೆ ಬಿಡಿಸಿದರು, ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ನನಗೆ ಅಕ್ಷರ ಕಾಣಲ್ಲ," ಅಂದರು. ಕೋಣೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, ಕೊನೆಗೆ ರೆಜುಲಳ ಕಡೆಗೆ ಚಾಚಿದರು. "ನೀನು ಓದು ಮೋಳೇ."

ರೆಜುಲ ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"'ಹದಿನೆಂಟನೇ ತಾರೀಕು ಸಂಜೆ ಆರು ಗಂಟೆಗೆ, ಆಸ್ಪತ್ರೆಯ ಪಳ್ಳಿಯ ಗಂಟೆ ಹೊಡೆಯುತ್ತಿರುವಾಗ, ಡಾಕ್ಟರ್ ಇಟ್ಟೂಪ್ ನನಗೆ ಫೋನ್ ಮಾಡಿದರು. ದೇವಸ್ಸಿ ತೀರಿಕೊಂಡ, ಸೈಟು ತೆಗಿ ಎಂದು ಅವರು ಹೇಳಲಿಲ್ಲ. ಅವನು ಉಳಿಯುವುದಿಲ್ಲ, ಸೈಟು ತೆಗಿ ಎಂದರು. ಅದನ್ನು ನಿರುಪಮಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.'"

ಸದಸ್ಯರಲ್ಲೊಬ್ಬರು ಅವಸರದಿಂದ ಕೇಸ್ ಶೀಟು ತಿರುವಿದರು. "ಇಲ್ಲಿ ಐದೂವರೆಗೇ ಮರಣ ಅಂತ ಬರೆದಿದೆ. ಸಾರ್ ಸಹಿ ಇದೆ."

"ಐದೂವರೆಗಾ?" ಕೊಚ್ಚುತ್ರೇಸ್ಯ ಚೇಟತ್ತಿ ತಲೆಯೆತ್ತಿದರು. ಮೂರು ತಿಂಗಳಲ್ಲಿ ಯಾರೂ ಅವರನ್ನು ಏನೂ ಕೇಳಿರಲಿಲ್ಲ. "ಆರಕ್ಕೆ ಪಳ್ಳಿಯ ಗಂಟೆ ಹೊಡೆದಾಗ ನಾನು ಪಕ್ಕದಲ್ಲೇ ಇದ್ದೆನಲ್ಲ. ಅವರು ನನ್ನ ಹತ್ರ ನೀರು ಕೇಳಿದ್ರು."